ಮೊಣಕಾಲಿನ ಮೇಲೇರದ ಚೆಂಡು

ನನ್ನ ಚಪ್ಪಲಿಗಳು ಹಿಮ್ಮಡಿಯ ಕಡೆ ಸವೆಯುವುದಿಲ್ಲ. ಊರಿನವರ ಚಪ್ಪಲಿಯೆಲ್ಲ ಹಿಂದೆ ಸವೆದರೆ ನನ್ನವು ಮುಂದೆ, ಹೆಬ್ಬೆರಳಿನ ಕೆಳಗೆ, ದಿನದಿನಕ್ಕೆ ತೆಳ್ಳಗಾಗಿ ಒಂದು ದಿನ ತೂತು ಬೀಳುತ್ತವೆ. ನಾನು ಕಾಲೆತ್ತಿ ನಡೆಯುವುದಿಲ್ಲ, ಎಳೆದುಕೊಂಡು ನಡೆಯುತ್ತೇನೆ. ನನ್ನ ಹೆಂಡತಿ ಶಾಂತಾ ಮದುವೆಯಾದ ಹೊಸದರಲ್ಲಿ ಇದನ್ನು ಸೋಮಾರಿತನ ಅಂದುಕೊಂಡಳು, ಆಮೇಲೆ ಯಾವುದೋ ರೋಗ ಅಂದುಕೊಂಡಳು, ಈಗ ಹಟ ಅನ್ನುತ್ತಾಳೆ. ಮೊನ್ನೆ ರಾಯಚೂರಿನ ಬಜಾರಿನಲ್ಲಿ ಹೊಸ ಜೋಡು ಕೊಳ್ಳುವಾಗ ಅಂಗಡಿಯವನ ಎದುರಿಗೇ ಶುರು ಮಾಡಿದಳು.

"ಮುಂದಿನ ಕಡಿ ದಪ್ಪ ಇರೋದು ಕೊಡ್ರಿ ಇವ್ರಿಗೆ. ಇವ್ರು ನಡ್ಯಂಗಿಲ್ಲ, ನೆಲ ಉಜ್ಜತಾರ."

ಅಂಗಡಿಯವನು ನಕ್ಕ, ನಾನೂ ನಕ್ಕೆ. ನಗದೆ ಏನು ಮಾಡಲಿ? ಈ ನಡಿಗೆ ನನಗೆ ನೆಲ್ಲಿನ ಕಣದಿಂದ, ಅಲ್ಲಿ ಆಡಿದ ಫುಟ್‌ಬಾಲಿನಿಂದ ಬಂದದ್ದು ಎಂದು ಮೂವತ್ತೈದು ವರ್ಷದಿಂದ ಹೇಳುತ್ತಿದ್ದೇನೆ, ಅವಳು ನಂಬುತ್ತಿಲ್ಲ. ನನ್ನ ಹೊಟ್ಟೆಯನ್ನು ಈಗ ನೋಡಿದರೆ ನೀವೂ ನಂಬಲಾರಿರಿ. ಆದರೂ ಕೇಳಿ. ನಾನು ಒಂದು ಕಾಲದಲ್ಲಿ ಸಿರವಾರದ ಮಿಲ್ಲಿನ ಟೀಮಿಗೆ ಗೋಲ್‌ಕೀಪರ್ ಆಗಿದ್ದೆ. ನಮ್ಮ ಕಡೆ ಆ ಹುದ್ದೆಗೆ ಗೋಲಿ ಅನ್ನುತ್ತಾರೆ.

ಮಿಲ್ಲು ಎಂದರೆ ಬಸಣ್ಣ ಸಾವುಕಾರರ ಅಕ್ಕಿ ಗಿರಣಿ. ದೇವದುರ್ಗದ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ, ಅವ್ವ, ನಾನು ಮೂವರೂ ಅಲ್ಲಿಗೆ ಕೂಲಿಗೆ ಬಂದಿದ್ದೆವು. ಆಗ ನನಗೆ ಹದಿನೇಳು. ಗಿರಣಿಯ ಹಿಂದೆ ಒಂದು ದೊಡ್ಡ ಸಿಮೆಂಟಿನ ಕಣ. ಕುದಿಸಿದ ನೆಲ್ಲನ್ನು ಅಲ್ಲಿ ಹರವಿ ಒಣಗಿಸುತ್ತಿದ್ದರು. ಹರವಿದ ನೆಲ್ಲನ್ನು ತಾಸಿಗೊಮ್ಮೆ ತಿರುವಬೇಕು, ಅದನ್ನು ತಿರುವುವುದು ಕಾಲಿನಿಂದ. ಪಾದ ನೆಲಕ್ಕೆ ಹಚ್ಚಿ, ಎತ್ತದೆ, ಎಳೆಯುತ್ತ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗಬೇಕು. ಹೋದ ದಾರಿಯಲ್ಲಿ ನೆಲ್ಲು ಎರಡೂ ಕಡೆ ಸಾಲು ಬಿಡುತ್ತದೆ. ಕಾಲೆತ್ತಿದಿರೋ, ಕೂಲಿಗಳ ಮೇಲ್ವಿಚಾರಕ ಮುಕಾದಮ ಹಿಂದಿನಿಂದ ಬೈಯುತ್ತಾನೆ. ಹಾಗೆ ದಿನಕ್ಕೆ ಎಂಟು ಸಲ, ಮೂರು ವರ್ಷ ನಡೆದವನು ನಾನು. ಆ ಬಿಸಿ ನೆಲ್ಲಿನ ವಾಸನೆ ಈಗಲೂ ಯಾವುದಾದರೂ ಗಿರಣಿಯ ಮುಂದೆ ಬಸ್ಸು ಹಾದರೆ ಮೂಗಿಗೆ ಬಡಿಯುತ್ತದೆ, ಆಗ ಸುಮ್ಮನೆ ಹಸಿವಾಗುತ್ತದೆ.

ಸಾವುಕಾರರಿಗೆ ಫುಟ್‌ಬಾಲಿನ ಹುಚ್ಚು ಎಲ್ಲಿಂದ ಹತ್ತಿತೋ ಆ ದೇವರಿಗೇ ಗೊತ್ತು. ಒಂದು ಸಲವೂ ಚೆಂಡು ಒದ್ದವರಲ್ಲ. ಬಿಳಿ ಟೋಪಿ, ಬಿಳಿ ಧೋತರ, ಕೂತರೆ ಎದ್ದೇಳಲು ಇಬ್ಬರು ಬೇಕು. ಆದರೂ ಮಿಲ್ಲಿನ ಹುಡುಗರನ್ನು ಕಟ್ಟಿಕೊಂಡು ಒಂದು ಟೀಮು ಮಾಡಿದರು. ಅಂಗಿಗೆ ಯಾವ ಬಣ್ಣ ಎಂದು ಕೇಳಿದರೆ ತೌಡಿನ ಬಣ್ಣ ಅಂದರು, ಹೊಲಸು ಕಾಣುವುದಿಲ್ಲವಂತೆ. ಆಟದ ನಡುವಿನ ಬಿಡುವಿಗೆ ಒಂದು ಕೊಡ ಮಜ್ಜಿಗೆ ಕಳಿಸುತ್ತಿದ್ದರು, ಇಂಗು ಹಾಕಿ ಹಾಕಿ ಅದನ್ನು ಕುಡಿದವನು ದ್ವಿತೀಯಾರ್ಧವೆಲ್ಲ ತೇಗುತ್ತ ಓಡಬೇಕು. ಎದುರಾಳಿಗಳು ನಮ್ಮ ಹತ್ತಿರ ಬರದೇ ಇದ್ದದ್ದಕ್ಕೆ ಅದೂ ಒಂದು ಕಾರಣವಿದ್ದೀತು.

ಪ್ರಾಕ್ಟೀಸಿಗೆ ಬೇರೆ ಜಾಗ ಎಲ್ಲಿದೆ? ಅದೇ ಕಣ. ಬೆಳಿಗ್ಗೆ ನೆಲ್ಲು ಪೂರ್ತಿ ಹರವುವ ಮುಂಚೆ, ಒಂದು ಮೂಲೆ ಖಾಲಿ ಇದ್ದಾಗ ಆಡಬೇಕು. ಒಂದು ದಿನ ನಮ್ಮಲ್ಲಿ ಒಬ್ಬ ಜೋರಾಗಿ ಒದ್ದ, ಸಗಣಿ ಮೆತ್ತಿದ ಚೆಂಡು ಆಕಾಶಕ್ಕೆ ಹಾರಿ ನೆಲ್ಲು ನೆನೆಹಾಕುವ ತೊಟ್ಟಿಯೊಳಗೆ ಬಿತ್ತು. ಸಾವುಕಾರರು ಮೇಲಿನ ಕಟ್ಟೆಯಲ್ಲಿ ಕೂತು ನೋಡುತ್ತಿದ್ದರು. ಅವತ್ತೇ ಹುಕುಂ ಹೊರಟಿತು.

"ಇವತ್ತಿನಿಂದ ನನ್ನ ಕಣದಾಗ ಚೆಂಡು ಮೊಣಕಾಲಿನ ಮ್ಯಾಲೆ ಏರಬಾರದು ನೋಡ್ರಲೇ. ಏರಸಿದಾವ ಹತ್ತು ಸಾಲು ನೆಲ್ಲು ತಿರುವಬೇಕು. ಮಾಫಿ ಇಲ್ಲ."

ಬೇರೆ ಯಾವ ಕೋಚಾದರೂ ಜಗಳ ತೆಗೆಯುತ್ತಿದ್ದ. ನಮ್ಮ ವಾದಿರಾಜ ಮಾಸ್ತರರು ಮಾತ್ರ ಒಂದು ನಿಮಿಷ ಯೋಚಿಸಿ "ಆಗಲಿ" ಅಂದರು. ಸಿರವಾರದ ಶಾಲೆಯಲ್ಲಿ ದೈಹಿಕ ಶಿಕ್ಷಕರು ಅವರು. ಕಡ್ಡಿಯಂಥ ಮನುಷ್ಯ. ಹಣೆಗೆ ಅಂಗಾರದ ಕಪ್ಪು ಗೆರೆ, ಕೊರಳಲ್ಲಿ ಸೀಟಿ. ಮರುದಿನದಿಂದ ನೆಲ್ಲಿನ ಸಾಲುಗಳ ನಡುವೆ ಚೆಂಡು ಒಯ್ಯುವ ಪಾಠ ಶುರುವಾಯಿತು. ಈ ತುದಿಯಿಂದ ಆ ತುದಿಗೆ ಚೆಂಡು ಹೋಗಬೇಕು, ಒಂದು ಕಾಳು ಕದಲಬಾರದು. ನೆಲ್ಲು ತಿರುವುವ ಕಾಲೇ ಚೆಂಡನ್ನೂ ತಿರುವಬೇಕು ಎನ್ನುವುದು ಅವರ ಲೆಕ್ಕ. ಆರು ತಿಂಗಳಲ್ಲಿ ನಮ್ಮ ಹುಡುಗರು ಎಂಥ ಆಟ ಕಲಿತರು ಅಂತೀರಿ! ಚೆಂಡು ಕಾಲಿಗೆ ಹತ್ತಿದರೆ ಬಿಡುತ್ತಲೇ ಇರಲಿಲ್ಲ. ಸಣ್ಣ ಸಣ್ಣ ಪಾಸು, ನೆಲಕ್ಕೆ ಅಂಟಿಕೊಂಡ ಚೆಂಡು. ಮಟಮಾರಿಯ ಟೀಮಿನವರು ಒಮ್ಮೆ ಆಟದ ನಡುವೆ ನಿಂತು ಸುಮ್ಮನೆ ನೋಡತೊಡಗಿದ್ದರು. "ಕಣದ ಆಟ" ಎಂದೇ ನಮಗೆ ಹೆಸರಾಯಿತು.

ಈಗ ನಮ್ಮ ಓಣಿಯ ಚಹಾದ ಅಂಗಡಿಯಲ್ಲಿ ಹುಡುಗರು ಯಾವ್ಯಾವುದೋ ವಿದೇಶದ ಟೀಮಿನ ಅಂಗಿ ತೊಟ್ಟು ಬಂದು ವಾದ ಹಾಕುತ್ತಾರೆ. ಟೀಮು ಕಟ್ಟುವವನು ಮಾಲೀಕನೋ ಕೋಚೋ, ಮಾಲೀಕ ಕೋಚನ್ನು ತೆಗೆದದ್ದು ಸರಿಯೋ ತಪ್ಪೋ ಎಂದು ಗ್ಲಾಸು ಕುಟ್ಟಿ ಕೂಗಾಡುತ್ತಾರೆ. ನಾನು ಮೂಲೆಯಲ್ಲಿ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿ, ತಿನ್ನುತ್ತ ಕೇಳುತ್ತೇನೆ. ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮ ಟೀಮನ್ನು ಒಬ್ಬರ ಹಟವೂ ಇನ್ನೊಬ್ಬರ ಜಾಣತನವೂ ಸೇರಿ ಕಟ್ಟಿದವು ಎಂದು ಹೇಳಿಯೇನು. ಆದರೆ ಆ ಕಟ್ಟಡದಲ್ಲಿ ಒಂದು ಕಿಂಡಿ ಉಳಿದಿತ್ತು, ಅದರಲ್ಲಿ ನಿಂತವನು ನಾನು.

ನೀವೇ ನೋಡಿ. ಮೊಣಕಾಲಿನ ಮೇಲೆ ಚೆಂಡು ಏರದ ಕಣದಲ್ಲಿ ಗೋಲಿ ಏನು ಕಲಿಯಬೇಕು? ನನ್ನ ಗೋಲು ಎಂದರೆ ಎರಡು ನೆಲ್ಲಿನ ಚೀಲ. ಬಂದ ಚೆಂಡೆಲ್ಲ ಉರುಳಿಕೊಂಡು ಬರುವುದು, ಬಗ್ಗಿ ಹಿಡಿದರಾಯಿತು. ಎತ್ತರದ ಚೆಂಡನ್ನು ಕೋಚಾದವನು ಕೈಯಿಂದ ಎಸೆದು ಕಲಿಸಬೇಕಲ್ಲವೇ? ನಮ್ಮ ಮಾಸ್ತರರು ಚೆಂಡನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ನಸುಕಿನಲ್ಲೇ ಸ್ನಾನ, ಪೂಜೆ ಮುಗಿಸಿ ಬರುವವರು, ಚೆಂಡು ಚರ್ಮದ್ದು. ಮಡಿಯ ಮನೆತನ, ಅಣ್ಣ ಗುಡಿಯಲ್ಲಿ ಅರ್ಚಕ. ಏನು ತೋರಿಸುವುದಿದ್ದರೂ ಕಾಲಿನಿಂದಲೇ ತೋರಿಸುವರು. ಒಮ್ಮೆ ಒಬ್ಬ ಕೇಳಿಯೇ ಬಿಟ್ಟ, "ಸರ, ಕಾಲಿಗೆ ಮಡಿ ಇಲ್ಲೇನ್ರಿ?"

"ಕಾಲು ನೆಲಾ ತುಳೀತದಪಾ," ಅಂದರು ಮಾಸ್ತರರು. "ಅದಕ್ಕ ಎಲ್ಲಾ ನಡೀತದ. ಮನೀಗೆ ಹೋಗಿ ತೊಳಕೋತೀನಿ."

ಹೀಗೆ ಮಾಲೀಕರ ಹುಕುಂ, ಕೋಚರ ಮಡಿ, ಎರಡರ ನಡುವೆ ನಾನು ಎರಡು ವರ್ಷ ತಲೆಯ ಮೇಲೆ ಒಂದು ಚೆಂಡನ್ನೂ ಕಾಣದೆ ಗೋಲಿ ಆಗಿದ್ದೆ. ಮ್ಯಾಚುಗಳಲ್ಲಿ ಹೇಗೆ ನಡೆಯಿತು ಎಂದರೆ, ನಮ್ಮವರು ಚೆಂಡನ್ನೇ ಬಿಟ್ಟುಕೊಡುತ್ತಿರಲಿಲ್ಲವಲ್ಲ! ನಾನು ಗೋಲಿನ ಕಂಬಕ್ಕೆ ಒರಗಿ ನಿಂತು ಶೇಂಗಾ ತಿನ್ನುತ್ತಿದ್ದೆ. ಊರವರು ನನ್ನನ್ನು ಭಾರೀ ಗೋಲಿ ಅಂದುಕೊಂಡಿದ್ದರು, ಅಷ್ಟು ಹೊತ್ತಿಗೆ ನಾನೂ ಅಂದುಕೊಂಡಿದ್ದೆ.

ಜಿಲ್ಲೆಯ ಪಂದ್ಯಾವಳಿಯ ಸೆಮಿಫೈನಲ್ ದೇವದುರ್ಗದಲ್ಲಿ ನಡೆಯಿತು. ನನ್ನ ಹಳ್ಳಿಯಿಂದ ಮಾವಂದಿರು, ಚಿಗವ್ವಂದಿರು ಎಲ್ಲ ನೋಡಲು ಬಂದಿದ್ದರು. ಆಟದ ನಡುವೆ ಎಲ್ಲಿಂದಲೋ ಒಂದು ಎತ್ತರದ ಚೆಂಡು ನನ್ನ ಕಡೆ ಬಂತು. ನಾನು ಏನು ಮಾಡಿದೆ ಗೊತ್ತೇ? ಕಣ್ಣು ಮುಚ್ಚಿದೆ. ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹೊರಗೆ ಹೋಯಿತು, ನಾವು ಗೆದ್ದೆವು. ನಾನು ಕಣ್ಣು ಮುಚ್ಚಿದ್ದನ್ನು ಯಾರೂ ನೋಡಿಲ್ಲ ಎಂದು ಉಸಿರು ಬಿಟ್ಟೆ.

ಎರಡು ದಿನ ಬಿಟ್ಟು ಸಾವುಕಾರರು ಕರೆಸಿದರು.

"ಹೊಳಿ ದಂಡಿ ಗೂಗಲ್ ಊರಾಗ ನಮ್ಮ ಹೊಲದ ಪಂಪು ಕಾಯಾಕ ಆಳಿಲ್ಲ. ನೀ ಹೋಗು. ಆರು ದಿವಸ ಇದ್ದು ಬಾ."

"ಸಾವುಕಾರ್ರ, ಫೈನಲ್ ಅದ ಅಲ್ರಿ..."

"ಆಹಾಹಾ, ಏನ್ ದೊಡ್ಡ ಗೋಲಿ ಆಗೀಯಪ್ಪಾ ನೀ! ಪಂಪು ಕಾಯಾಕ ಬರೋದಿಲ್ಲೇನು? ನಡಿ ನಡಿ."

ಮನಸ್ಸಿನಲ್ಲಿ ಅವರ ಏಳು ತಲೆಮಾರನ್ನು ಬೈದುಕೊಳ್ಳುತ್ತ ಗೂಗಲ್ಲಿಗೆ ಹೋದೆ. ಕೃಷ್ಣೆಯ ದಂಡೆ, ಮರಳು, ಅಲ್ಲಮಪ್ರಭುವಿನ ಗುಡಿ, ಧಡಧಡ ಎನ್ನುವ ಪಂಪು. ಮಾತಾಡಲು ಒಂದು ನರಪಿಳ್ಳೆಯಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮರಳಿನ ಮೇಲೆ ನಮ್ಮ ಮಾಸ್ತರರು ನಡೆದು ಬರುತ್ತಿದ್ದಾರೆ! ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಕೋಲು, ಕೋಲಿನ ತುದಿಗೆ ಬಲೆಯ ಚೀಲದಲ್ಲಿ ಚೆಂಡು.

"ನದೀ ಸ್ನಾನದ ನೇಮ ಹಿಡದೀನಪಾ, ರಜಾ ಹಾಕಿ ಬಂದೆ," ಅಂದರು. "ನೀ ಇಲ್ಲೇ ಇದ್ದೀಯೇನು? ಛಲೋ ಆತು."

ಎಂಥ ದೈವಯೋಗ ಎಂದು ನಾನು ಹಿಗ್ಗಿದೆ. ಅವರು ಚೀಲ ಕೊಡವಿ ಚೆಂಡನ್ನು ಮರಳಿಗೆ ಬೀಳಿಸಿದರು. ಕಾಲಿನಿಂದ ಎತ್ತಿ ನನ್ನ ಕಡೆ ಒದೆಯಲು ನೋಡಿದರು. ಮರಳಿನಲ್ಲಿ ಆಗುತ್ತದೆಯೇ? ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ನೀರಿಗೆ ಹೋಯಿತು. ನಾಲ್ಕನೆಯ ಸಲಕ್ಕೆ ಒದೆಯುವುದನ್ನು ಬಿಟ್ಟರು. ಸುತ್ತಲೂ ನೋಡಿದರು. ಧೋತರ ಮೇಲೆ ಕಟ್ಟಿ, ಬಗ್ಗಿ, ಎರಡೂ ಕೈಯಿಂದ ಚೆಂಡನ್ನು ಎತ್ತಿಕೊಂಡರು. ನಾನು ಬಾಯಿ ತೆರೆದು ನಿಂತಿದ್ದೆ.

"ಏನ್ ನೋಡ್ತಿ? ಹಿಡಿ!" ಎಂದು ಆಕಾಶಕ್ಕೆ ಎಸೆದರು.

ಆರು ಬೆಳಗು ಹಾಗೆ ಕಲಿಸಿದರು. ಒಂದೇ ಮಾತು: "ಎರಡೂ ಕೈ. ಹಿಡಿದು ಎದಿಗೆ ಅಪ್ಪಿಕೋ. ಕೂಸು ಹಿಡಿದಾಂಗ." ನೂರು ಸಲ ಬಿದ್ದೆ, ಮರಳು ತಿಂದೆ, ನಾಲ್ಕನೆಯ ದಿನದಿಂದ ಹಿಡಿಯತೊಡಗಿದೆ. ಮುಗಿದ ಮೇಲೆ ಅವರು ಕೊರಳುಮಟ ನದಿಗೆ ಇಳಿದು ಕೈಗಳನ್ನು ಮರಳಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಕೊನೆಯ ದಿನ ನೀರಿನಿಂದಲೇ ಹೇಳಿದರು, "ನಾಗಪ್ಪ, ಇದು ಯಾರಿಗೂ ಹೇಳಬ್ಯಾಡ. ನಮ್ಮ ಅಣ್ಣಗ ತಿಳಿದ್ರ ನನ್ನ ಮನಿಯೊಳಗ ಕರಿಯಂಗಿಲ್ಲ." ನಾನು ಹೊಳೆ ಮುಟ್ಟಿ ಆಣೆ ಮಾಡಿದೆ.

ಫೈನಲ್ ರಾಯಚೂರಿನಲ್ಲಿ. ಸಿರವಾರದಿಂದ ಟ್ರ್ಯಾಕ್ಟರು ಟ್ರ್ಯಾಕ್ಟರು ಜನ. ಎದುರಾಳಿ ಟೀಮಿನವರು ಎಲ್ಲರೂ ಬೂಟು ಹಾಕಿದವರು, ನಮ್ಮಲ್ಲಿ ಅರ್ಧ ಜನ ಬರಿಗಾಲು. ಆದರೂ ಕೊನೆಯ ಹತ್ತು ನಿಮಿಷದವರೆಗೆ ಯಾರದೂ ಗೋಲಿಲ್ಲ. ಆಗ ಬಂತು ನೋಡಿ ಒಂದು ಚೆಂಡು, ಎತ್ತರದಿಂದ, ನೆಟ್ಟಗೆ ನನ್ನ ಕಡೆ. ಗೂಗಲ್ಲಿನ ಮರಳಿನಲ್ಲಿ ನೂರು ಸಲ ಹಿಡಿದಂಥದ್ದೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ಜನರೆದುರು ಇದನ್ನು ಸುಮ್ಮನೆ ಹಿಡಿಯುವುದೇ ಎನಿಸಿತು. ಯಾವುದೋ ಪತ್ರಿಕೆಯಲ್ಲಿ ಒಬ್ಬ ಗೋಲಿ ಒಂದೇ ಕೈ ಚಾಚಿ ಗಾಳಿಯಲ್ಲಿ ತೇಲುವ ಫೋಟೊ ನೋಡಿದ್ದೆ. ಹಾರಿದೆ, ಒಂದೇ ಕೈಯಿಂದ. ಚೆಂಡು ಬೆರಳು ಸವರಿಕೊಂಡು ಒಳಗೆ ಹೋಯಿತು.

ಮುಗಿಯಿತು ಆಟ. ಸೀಟಿ ಊದಿದಾಗ ನಾನು ಮಣ್ಣಿಗೆ ಮುಖ ಹಚ್ಚಿ ಬಿದ್ದಿದ್ದೆ. ಜನ ಮೈದಾನಕ್ಕೆ ನುಗ್ಗಿದ ಸದ್ದು ಕೇಳಿಸಿತು, ಅದರ ಮೇಲೆ ಸಾವುಕಾರರ ದನಿ.

"ಮಾಸ್ತರ್ರ, ನಿಮ್ಮ ಮಡಿ ನನ್ನ ಟೀಮು ತಿಂತು! ಚೆಂಡು ಕೈಲೆ ಮುಟ್ಟಲಾರದವ್ರು ಗೋಲಿಗೆ ಏನ್ ಕಲಸ್ತೀರಿ? ಆ ಹುಡುಗನದೇನು ತಪ್ಪದ?"

ತಲೆ ಎತ್ತಿ ನೋಡಿದೆ. ಜನರ ನಡುವೆ ಮಾಸ್ತರರು ತಲೆ ತಗ್ಗಿಸಿ ನಿಂತಿದ್ದರು. ಯಾರೋ "ಮಡಿ ಮಾಸ್ತರ್!" ಎಂದು ಕೂಗಿದ, ಊರೆಲ್ಲ ನಕ್ಕಿತು. ನಾನು ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಆಣೆ ಮಾಡಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಟ್ರ್ಯಾಕ್ಟರಿನ ಹಿಂದೆ ಹೋಗಿ ಕೂತೆ. ನಿಜ ಹೇಳುತ್ತೇನೆ, ಆಣೆಯ ನೆನಪು ಆಮೇಲೆ ಬಂತು. ಮೊದಲು ಬಂದದ್ದು, ಸದ್ಯ ನಾನು ಉಳಿದೆ ಎನ್ನುವ ಸಮಾಧಾನ.

ಅಂದಿನಿಂದ ಸಾವುಕಾರರಿಗೂ ಮಾಸ್ತರರಿಗೂ ಮಾತಿಲ್ಲ. ಮರುವರ್ಷ ಮಾಸ್ತರರು ಮಾನ್ವಿಗೆ ವರ್ಗವಾಗಿ ಹೋದರು, ಟೀಮು ಚದುರಿತು. ನಾನು ಓದು ಮುಂದುವರಿಸಿ ಪ್ರೈಮರಿ ಶಾಲೆಯ ಮಾಸ್ತರನಾಗಿ ರಾಯಚೂರು ಸೇರಿ ಈಗ ನಿವೃತ್ತನೂ ಆಗಿದ್ದೇನೆ. ಸಾವುಕಾರರು ತೀರಿಕೊಂಡು ಬಹಳ ವರ್ಷವಾಯಿತು. ಆದರೆ ಸಿರವಾರದಲ್ಲಿ ಇವತ್ತಿಗೂ ಯಾರಾದರೂ ಕೆಲಸಕ್ಕೆ ಕೈ ಹಚ್ಚದೆ ದೂರ ನಿಂತರೆ "ಏನಲೇ, ಮಡಿ ಮಾಸ್ತರ್ ಆಗೀದಿ" ಎಂದು ನಗುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನೂ ಜೊತೆಗೆ ನಕ್ಕಿದ್ದೇನೆ. ನಾಚಿಕೆಗೆಟ್ಟ ನಗೆ.

ಚಪ್ಪಲಿ ಕೊಂಡು ಮನೆಗೆ ಬಂದ ದಿನವೇ ಫೋನು ಬಂತು. ಸಾವುಕಾರರ ಮೊಮ್ಮಗಳು ಗಿರಿಜಾ. ಈಗ ಮಿಲ್ಲು ನೋಡಿಕೊಳ್ಳುವವಳು ಅವಳೇ. ಅದೇ ಕಣದಲ್ಲಿ ಹೆಣ್ಣುಮಕ್ಕಳ ಟೀಮು ಕಟ್ಟಿದ್ದಾಳೆ, ಅದರ ಉದ್ಘಾಟನೆಗೆ ಒಂದು ಪುಸ್ತಕ ತರುತ್ತಾಳಂತೆ.

"ಕಾಕಾ, ನಮ್ಮ ಟೀಮಿನ ಹಳೇ ಕಥಿ ನೀವ ಬರೀಬೇಕ್ರಿ. ಅಜ್ಜ ಹೆಂಗ ಕಟ್ಟಿದ್ರು, ಕಣದ ಆಟ, ಎಲ್ಲಾ. ಮತ್ತ ಆ ಮಡಿ ಮಾಸ್ತರ್ ಕಥಿ ಬಿಡಬ್ಯಾಡ್ರಿ. ಅಜ್ಜ ಬೈದಿದ್ದು ಬರೀರಿ, ಮಂದಿಗೆ ನಗು ಬರ್ತದ."

ಹೂಂ ಅಂದೆ. ನಾಲ್ಕು ದಿನ ಪೆನ್ನು ಹಿಡಿದು ಕೂತೆ, ಒಂದು ಸಾಲು ಹೊರಡಲಿಲ್ಲ. ಬಾಯಿಮಾತಿನ ನಗೆ ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಹೋಗುವುದಿಲ್ಲ. ಬದುಕಿರುವ ಮನುಷ್ಯನ ಹೆಸರಿಗೆ ನನ್ನ ಕೈಯಿಂದಲೇ ಆ ಮಸಿ ಬಳಿಯಬೇಕೇ? ನಿಜ ಬರೆಯೋಣವೆಂದರೆ ಆಣೆ. ಐದನೆಯ ದಿನ ಮಾನ್ವಿಯ ಬಸ್ಸು ಹತ್ತಿದೆ.

ಮಾಸ್ತರರಿಗೆ ಈಗ ಎಂಬತ್ತು ದಾಟಿದೆ. ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಇನ್ನೂ ತೆಳ್ಳಗಾಗಿದ್ದಾರೆ, ಕಣ್ಣು ಮಾತ್ರ ಹಾಗೇ. ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುತ್ತಿದ್ದವರು, ಅವಲಕ್ಕಿ ತಂದಿಟ್ಟು ಬಾಗಿಲ ಹತ್ತಿರ ನಿಂತರು. ನಾನು ಪುಸ್ತಕದ ವಿಷಯ ಹೇಳಿದೆ. ಆಮೇಲೆ ದನಿ ತಗ್ಗಿಸಿ, "ಸರ, ಗೂಗಲ್ದು ಬರೀಲ್ರಿ?" ಅಂದೆ. ಬಾಗಿಲ ಕಡೆ ಕಣ್ಣು ಹೋಯಿತು.

"ಅಕಿಗೆ ಗೊತ್ತದ," ಅಂದರು. "ಗೂಗಲ್ಲಿಂದ ಬಂದ ದಿವಸಾನ ಹೇಳೀನಿ."

"ಯಾರಿಗೂ ಹೇಳಬ್ಯಾಡ ಅಂದಿದ್ರಲ್ರಿ ನನಗ?"

"ಹೆಂಡ್ತಿ ಯಾರೊಳಗ ಬರ್ತಾಳೋ ಮಾರಾಯಾ?"

ಅಮ್ಮ ಸೆರಗಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. "ಸಾವುಕಾರ್ರಿಗೆ ಅವತ್ತ ಹೇಳಿದ್ದಿದ್ರ ಅಷ್ಟು ಮಂದಿ ಮುಂದ ನಿಮಗ ಅನ್ನತಿದ್ದಿಲ್ರಿ ಅವ್ರು," ಅಂದೆ.

ಮಾಸ್ತರರು ನನ್ನ ಮುಖವನ್ನೇ ನೋಡಿದರು. "ನಾಗಪ್ಪ, ಇಷ್ಟು ವರ್ಷ ಸಾಲಿ ಮಾಸ್ತರ್ಕಿ ಮಾಡೀದಿ. ಫೈನಲ್ ವಾರ ಅದ ಅನ್ನೂವಾಗ ಯಾವ ಮಾಲಕ ತನ್ನ ಗೋಲಿಯನ್ನ ಪಂಪು ಕಾಯಾಕ ಕಳಸ್ತಾನೋ?"

ನನ್ನ ಕೈಯಲ್ಲಿದ್ದ ಅವಲಕ್ಕಿ ಕೈಯಲ್ಲೇ ಉಳಿಯಿತು.

"ದೇವದುರ್ಗದಾಗ ನೀ ಕಣ್ಣು ಮುಚ್ಚಿದ್ದು ಇಬ್ರೂ ನೋಡಿದ್ವಿ. ನಾ ಹೋಗಿ ಅವರ ಮುಂದ ಕೂತೆ. ಕಣದಾಗ ನೀವು ಚೆಂಡು ಏರಸಾಕ ಬಿಡಂಗಿಲ್ಲ, ನಾ ಕೈಲೆ ಮುಟ್ಟಂಗಿಲ್ಲ, ಆ ಹುಡುಗ ಏನ್ ಮಾಡಬೇಕ್ರಿ ಅಂದೆ. ಅವ್ರಂದ್ರು, ನನ್ನ ಹಟ ನಾ ಬಿಡ್ತೀನ್ರಿ, ಕಣದ ಹೊರಗ ಜಾಗಾ ಕೊಡ್ತೀನಿ, ನಿಮ್ದು ನೀವು ಬಿಡ್ರಿ ಅಂತ. ಗೂಗಲ್ದಾಗ ನಾ ಉಳಿಯೋ ವ್ಯವಸ್ಥಾನೂ ಅವರ ಮಾಡಿದ್ರು."

"ಹಂಗಾರ ಅವತ್ತ ಬೈದಿದ್ದು?"

"ನೀ ಮಣ್ಣಾಗ ಮಾರಿ ಇಟ್ಟು ಬಿದ್ದಿದ್ದಿ, ನಿನಗ ಕಾಣಲಿಲ್ಲ. ನಮ್ಮ ಊರ ಮಂದೀನ ಪೆಂಡಾಲದ ಕೋಲು, ಬಡಗಿ ಕಿತ್ತುಕೊಂಡು ನಿನ್ನ ಕಡೆ ಬರಾಕತ್ತಿತ್ತು. ಕೂಲಿಯವ್ರ ಹುಡುಗ, ಯಾರು ಬಿಡಸ್ಕೋತಿದ್ರು? ಸಾವುಕಾರ್ರು ನನ್ನ ಮಾರಿ ನೋಡಿದ್ರು. ನಾ ಹೂಂ ಅಂದೆ. ಆಮ್ಯಾಲ ಒದರಾಕ ಹತ್ತಿದ್ರು. ಮಂದಿ ಎಲ್ಲಾ ನನ್ನ ಕಡೆ ತಿರುಗಿತು. ಜನಿವಾರದ ಮಾಸ್ತರಗ ಬಡಗಿಲೆ ಯಾರು ಹೊಡೀತಾರ, ನಗತಾರ ಅಷ್ಟ. ನಗಲಿ ಬಿಡು."

"ಮಾತು ಬಿಟ್ಟಿದ್ರಲ್ರಿ ಆಮ್ಯಾಲ?"

"ಕೂಡಿ ಕೂತ್ರ ಮಂದಿಗೆ ಸಂಶಯ ಬರ್ತಿತ್ತು. ಮತ್ತ ನಿನ್ನ ಕಡೆ ತಿರುಗತಿದ್ರು. ಒಂದು ವರ್ಷ ಸುಮ್ನಿರೂಣ ಅಂದ್ವಿ, ಅಷ್ಟರಾಗ ನನಗ ವರ್ಗ ಆತು."

ಬಾಗಿಲಿನಿಂದ ಅಮ್ಮ ಹೇಳಿದರು, "ಅವರು ಇರೂತನಕಾ ಸುಗ್ಗಿಗೊಮ್ಮೆ ಹೊಸ ಅಕ್ಕಿ ಬರೂದು ತಪ್ಪಲಿಲ್ಲಪಾ. ಯಾರು ಕಳಿಸಿದ್ರು ಅಂತ ಚೀಲದ ಮ್ಯಾಲೆ ಬರಿತಿದ್ದಿಲ್ಲ, ಅಷ್ಟ."

ನಾನು ಅತ್ತೆ. ಅರವತ್ತು ದಾಟಿದ ಮನುಷ್ಯ, ಅವರ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿಯೇ ಅತ್ತೆ. ಅವರ ಗುಟ್ಟನ್ನು ನಾನು ಹೊತ್ತಿದ್ದೇನೆ ಎಂದು ಇಷ್ಟು ವರ್ಷ ಬೀಗಿದ್ದೆನಲ್ಲ, ಹೊತ್ತವರು ಅವರಿಬ್ಬರು.

"ಒಂದ ಕೈಲೆ ಹಾರಿದೆ ಸರ," ಅಂದೆ. "ನೀವು ಎರಡು ಕೈ ಅಂತ ಹೇಳಿದ್ರಿ. ನಾ ಮಂದಿ ಮುಂದ ಮೆರಿಯಾಕ ಹೋದೆ."

"ನೋಡೀನಿ," ಅಂದರು ಮಾಸ್ತರರು.

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕಣ್ಣೊರೆಸಿಕೊಂಡು ಕೇಳಿದೆ, "ಹಂಗಾರ ಬರೀಲ್ರಿ?"

"ಬರಿ. ನಮ್ಮ ಅಣ್ಣನೂ ಇಲ್ಲ. ನಿನ್ನ ಬಡಿಯಾಕ ಬಂದವ್ರೆಲ್ಲಾ ಈಗ ಮುದುಕರಾಗ್ಯಾರ, ಬಡಗಿ ಊರಿಕೊಂಡು ನಡೀತಾರ. ಇನ್ನ ಯಾರದೂ ಅಂಜಿಕಿ ಇಲ್ಲ ನಿನಗ."

ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದು, ಶಾಂತಾ ಊಟಕ್ಕೆ ಕರೆಯುತ್ತಿದ್ದರೂ ಕೇಳದೆ ಬರೆಯಲು ಕೂತೆ. ಗಿರಿಜಾಗೆ ಕಳಿಸಿದ ಬರಹದ ಮೊದಲ ಸಾಲು ಇದು: "ಆ ಗೋಲು ಬಿಟ್ಟವನು ನಾಗಪ್ಪನಾದ ನಾನು, ನಮ್ಮ ಮಾಸ್ತರರು ನನಗೆ ಕೈ ಹಿಡಿದು ಕಲಿಸಿದ್ದರು."